ಎರಡು ವರ್ಷ ಕಾಯಿಸಿದ ಟ್ಯೂನು

ಪೀಠಿಕೆ ಇಲ್ಲದೆ ಹೇಳಿಬಿಡ್ತೀನಿ. ನಾನು ಜೀವನದಲ್ಲಿ ಅತಿ ಹೆಚ್ಚು ಸಲ ಕೇಳಿರೋ ಸಂಗೀತ ಕನ್ನಡದ್ದಲ್ಲ, ಹಿಂದಿಯದ್ದೂ ಅಲ್ಲ. 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಸಿನಿಮಾಗಳಿಗೆ ಹೊವಾರ್ಡ್ ಶೋರ್ ಮಾಡಿದ ಮೂರು ಆಲ್ಬಮ್ಮುಗಳು. ಆಫೀಸಿನಲ್ಲಿ ಕೋಡ್ ಬರೆಯುವಾಗ, ಊರಿಗೆ ಹೋಗೋ ರಾತ್ರಿ ಬಸ್ಸಿನಲ್ಲಿ, ಸುಮ್ಮನೆ ಬೇಜಾರಾದಾಗ... ಎಲ್ಲದಕ್ಕೂ ಅದೇ. "ಹಾಡು ಕಮ್ಮಿ, ಇರೋ ಹಾಡಿನ ಭಾಷೆ ಯಾರಿಗೂ ಅರ್ಥ ಆಗಲ್ಲ, ಅದನ್ನ ಕೇಳಿ ಕಣ್ಣಲ್ಲಿ ನೀರು ತಂದ್ಕೋತೀಯಲ್ಲ ಮಾರಾಯ" ಅಂತ ಗೆಳೆಯರು ಆಡ್ಕೊಳ್ತಾರೆ. ಆಡ್ಕೊಳ್ಳಲಿ ಬಿಡಿ. ಆದರೆ ಆ ಕಣ್ಣೀರು ಎಲ್ಲಿಂದ ಬರುತ್ತೆ ಅನ್ನೋದರ ಬಗ್ಗೆ ನನ್ನದೊಂದು ವಾದ ಇದೆ. ಇವತ್ತು ಅದನ್ನ ನಿಮ್ಮ ಮುಂದೆ ಇಡೋಣ ಅಂತ.

ಸಿನಿಮಾ ನೋಡದವರಿಗೆ ಎರಡು ಮಾತಲ್ಲಿ ಕಥೆ. ಒಂದು ಕೆಟ್ಟ ಉಂಗುರ ಇದೆ. ಅದನ್ನ ಎಲ್ಲಿ ಮಾಡಿದ್ರೋ ಅದೇ ಜ್ವಾಲಾಮುಖಿಯ ಬೆಂಕಿಗೆ ಹಾಕಿದರೆ ಮಾತ್ರ ನಾಶ ಆಗೋದು. ಆ ಕೆಲಸ ಬೀಳೋದು ಶೈರ್ ಅನ್ನೋ ಹಸಿರು ಊರಿನ, ಗಿಡ್ಡನೆಯ, ಊಟ ತಿಂಡಿ ಬಿಟ್ಟರೆ ಬೇರೆ ಚಿಂತೆ ಇಲ್ಲದ ಹಾಬಿಟ್ ಜನರ ಹೆಗಲಿಗೆ. ಟೋಲ್ಕಿನ್ ಬರೆದ ಕಾದಂಬರಿಯನ್ನ ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ಮೂರು ಸಿನಿಮಾ ಮಾಡಿದ. ೨೦೦೧, ೨೦೦೨, ೨೦೦೩ - ಪ್ರತಿ ಡಿಸೆಂಬರಿಗೆ ಒಂದರಂತೆ ಬಂದವು. ಪ್ರತಿ ಸಿನಿಮಾದ ಜೊತೆ ಒಂದು ಆಲ್ಬಮ್ಮು, ಒಂದೊಂದೂ ಒಂದು ಗಂಟೆಗಿಂತ ಹೆಚ್ಚು. ಅದು ಸಾಲದು ಅಂತ ೨೦೦೫ರಿಂದ ೨೦೦೭ರ ವರೆಗೆ ವರ್ಷಕ್ಕೊಂದರಂತೆ ಪೂರ್ತಿ ಸಂಗೀತದ ಸೆಟ್ಟುಗಳೂ ಬಂದವು. ಎಲ್ಲ ಸೇರಿಸಿದರೆ ಹತ್ತು ಗಂಟೆಯ ಹತ್ತಿರ ಹತ್ತಿರ!

ಶೋರ್ ಕೆನಡಾದ ಟೊರಾಂಟೋದವರು, ೧೯೪೬ರಲ್ಲಿ ಹುಟ್ಟಿದವರು. ಹೆಚ್ಚಿನ ಭಾಗ ನುಡಿಸಿದ್ದು ಲಂಡನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾ. ಮೊದಲ ಸಿನಿಮಾದ ಗಣಿಯ ಭಾಗದಲ್ಲಿ ಒಂದಷ್ಟನ್ನ ನ್ಯೂಜಿಲೆಂಡ್ ಸಿಂಫನಿ ಆರ್ಕೆಸ್ಟ್ರಾ ನುಡಿಸಿತು, ಅಲ್ಲಿ ಮಾವೋರಿ ಗಂಡಸರ ದನಿಗಳೂ ಇವೆ. ಮೊದಲನೇ ಆಲ್ಬಮ್ಮಿನ ಸಂಗೀತಕ್ಕೆ ೨೦೦೨ರಲ್ಲಿ ಆಸ್ಕರ್ ಬಂತು, ಮೂರನೆಯದಕ್ಕೆ ೨೦೦೪ರಲ್ಲಿ ಸಂಗೀತಕ್ಕೂ ಹಾಡಿಗೂ ಎರಡು ಬಂದವು. ಎರಡನೆಯದಕ್ಕೆ? ನಾಮನಿರ್ದೇಶನ ಕೂಡ ಆಗಲಿಲ್ಲ. ಈ ಪಾಪದ ಎರಡನೆಯದರ ವಿಷಯಕ್ಕೆ ಆಮೇಲೆ ಬರ್ತೀನಿ.

ಈಗ ನನ್ನ ವಾದ. ಈ ಸಂಗೀತ ಕೇಳಿ ಅಳು ಬರೋದಕ್ಕೆ ಜನ ಕೊಡೋ ಕಾರಣ ಸಾಮಾನ್ಯವಾಗಿ ಇದು - "ದೊಡ್ಡ ಆರ್ಕೆಸ್ಟ್ರಾ, ದೊಡ್ಡ ಕೋರಸ್, ನಿಧಾನಕ್ಕೆ ಪಿಟೀಲು ಎಳೆದರೆ ಯಾರಿಗೆ ಅಳು ಬರಲ್ಲ ಹೇಳು?" ನನಗೆ ಇದು ಒಪ್ಪಿಗೆ ಇಲ್ಲ. ನೂರು ಜನ ನುಡಿಸಿದ, ಕೇಳಿದ ಮರುಕ್ಷಣ ಮರೆತುಹೋಗೋ ಸಿನಿಮಾ ಸಂಗೀತ ಬೇಕಾದಷ್ಟಿದೆ. ಇಲ್ಲಿ ಅಳು ಬರಿಸೋದು ನಮ್ಮದೇ ನೆನಪು. ಶೋರ್ ಮೊದಲು ಒಂದು ಟ್ಯೂನನ್ನ ನಮ್ಮ ಕೈಗೆ ಕೊಡ್ತಾರೆ. ಆಮೇಲೆ ಕಿತ್ಕೊಳ್ತಾರೆ. ತುಂಬಾ ಹೊತ್ತು ಕಾಯಿಸ್ತಾರೆ. ಕೊನೆಗೆ ವಾಪಸ್ ಕೊಡುವಾಗ ಅದು ಸ್ವಲ್ಪ ಬದಲಾಗಿರುತ್ತೆ, ಅಷ್ಟು ಹೊತ್ತಿಗೆ ನಾವೂ ಸ್ವಲ್ಪ ಬದಲಾಗಿರ್ತೀವಿ. ಗಂಟಲು ಕಟ್ಟೋದು ಅಲ್ಲಿ.

ಒಂದು ಟ್ಯೂನನ್ನ ಒಬ್ಬ ವ್ಯಕ್ತಿಗೋ ಒಂದು ಊರಿಗೋ ಅಂಟಿಸೋದು ಹೊಸದೇನಲ್ಲ. ಜರ್ಮನಿಯ ವಾಗ್ನರ್ ಇದೇ ತಂತ್ರದಲ್ಲಿ ನಾಲ್ಕು ಭಾಗದ ಒಪೆರಾ ಕಟ್ಟಿ ೧೮೭೬ರಲ್ಲಿ ಪೂರ್ತಿಯಾಗಿ ಆಡಿಸಿದ್ದ. ಅದರ ಹೆಸರಲ್ಲೂ ಉಂಗುರ ಇದೆ ಅನ್ನೋದು ಬೇರೆ ಮಾತು :) ನಮಗೆ ಹತ್ತಿರದ ಉದಾಹರಣೆ ಬೇಕಿದ್ದರೆ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ನೆನಪು ಮಾಡ್ಕೊಳ್ಳಿ. ಎಲ್. ವೈದ್ಯನಾಥನ್ ಮಾಡಿದ ಆ ಶೀರ್ಷಿಕೆ ಸಂಗೀತ ಶುರುವಾದ ಕೂಡಲೇ ನಾವು ಆ ಊರಿಗೆ ಹೋಗಿಬಿಡ್ತೀವಿ. ಅದು ಚಿತ್ರೀಕರಣ ಆಗಿದ್ದು ಆಗುಂಬೆಯಲ್ಲಿ, ಆದರೆ ನಮ್ಮ ಕಿವಿಗೆ ಅದು ಮಾಲ್ಗುಡಿಯೇ. ಒಂದು ಊರು ಪೂರ್ತಿ ಒಂದು ಟ್ಯೂನಿನೊಳಗೆ ಕೂತಿದೆ. ಆ ಟ್ಯೂನಿನ ಕೆಲಸ ಪ್ರತಿ ಸಲ ಅದೇ ಥರ ಬಾಗಿಲು ತೆಗೆಯೋದು. ಶೋರ್ ಮಾಡಿದ್ದು ಅದರ ಮುಂದಿನ ಹೆಜ್ಜೆ. ಅವರ ಟ್ಯೂನುಗಳಿಗೆ ವಯಸ್ಸಾಗುತ್ತೆ. ಡಗ್ ಆಡಮ್ಸ್ ಅನ್ನೋ ಲೇಖಕರು ೨೦೧೦ರಲ್ಲಿ ಈ ಸಂಗೀತದ ಬಗ್ಗೆಯೇ ಒಂದು ದಪ್ಪ ಪುಸ್ತಕ ತಂದರು. ಇಂಥ ಎಂಬತ್ತಕ್ಕೂ ಹೆಚ್ಚು ಟ್ಯೂನುಗಳನ್ನ ಅವರು ಗುರುತಿಸಿದ್ದಾರೆ. ನಾನು ಮೂರರ ಬಗ್ಗೆ ಮಾತ್ರ ಹೇಳ್ತೀನಿ, ಹೆದರಬೇಡಿ.

ಮೊದಲನೆಯದು ಒಂಬತ್ತು ಜನರ ಟ್ಯೂನು. ಉಂಗುರ ಹೊತ್ತ ಹಾಬಿಟ್ ಜೊತೆ ಎಂಟು ಜನ ಹೊರಡ್ತಾರೆ. ಮೊದಲ ಆಲ್ಬಮ್ಮಿನ ಶುರುವಿನಲ್ಲಿ ಈ ಟ್ಯೂನು ಪೂರ್ತಿ ಸಿಗೋದೇ ಇಲ್ಲ, ಚೂರು ಚೂರಾಗಿ ಕೇಳ್ತಾ ಇರುತ್ತೆ. ಇಬ್ಬರು ಸೇರಿದಾಗ ಒಂದು ಚೂರು, ನಾಲ್ವರಾದಾಗ ಇನ್ನೊಂದು. ಒಂಬತ್ತೂ ಜನ ಸೇರಿ ಬೆಟ್ಟ ದಾಟುವಾಗ, 'ದಿ ರಿಂಗ್ ಗೋಸ್ ಸೌತ್' ಅನ್ನೋ ಟ್ರ್ಯಾಕಿನಲ್ಲಿ, ತುಂಬು ಕಹಳೆಯ ದನಿಯಲ್ಲಿ ಬರುತ್ತೆ ನೋಡಿ... ಎದೆ ಉಬ್ಬುತ್ತೆ. ಆ ಸಂಭ್ರಮ ತುಂಬಾ ಹೊತ್ತು ಉಳಿಯಲ್ಲ. ಗುಂಪು ಒಡೆಯುತ್ತೆ, ಟ್ಯೂನೂ ಒಡೆಯುತ್ತೆ. ಎರಡನೇ ಆಲ್ಬಮ್ಮಿನಲ್ಲಿ ಅದು ಆಗಾಗ ಬರುತ್ತೆ, ಆದರೆ ಅರ್ಧಕ್ಕೇ ನಿಂತುಬಿಡುತ್ತೆ. ಮನೆಯಲ್ಲಿ ಊಟಕ್ಕೆ ಕೂತಾಗ ಒಂದು ತಟ್ಟೆ ಕಮ್ಮಿ ಇದ್ದ ಹಾಗೆ. ಯಾರೂ ಬಾಯಿಬಿಟ್ಟು ಹೇಳಲ್ಲ, ಎಲ್ಲರಿಗೂ ಗೊತ್ತಾಗುತ್ತೆ.

ಎರಡನೆಯದು ಗೊಂಡೋರ್ ಅನ್ನೋ ರಾಜ್ಯದ ಟ್ಯೂನು. ನನ್ನ ತಲೆಬರಹದ ಟ್ಯೂನು ಇದೇ. ಮೊದಲ ಸಿನಿಮಾದಲ್ಲಿ ಒಂದು ಸಭೆ ನಡೆಯುತ್ತೆ. ಅಲ್ಲಿ ಬೊರೊಮಿರ್ ಅನ್ನೋ ವೀರ ತನ್ನ ದೇಶದ ಬಗ್ಗೆ ಮಾತಾಡ್ತಾನೆ. ಅವನ ಮಾತಿನ ಹಿಂದೆ ಒಂದೇ ಒಂದು ಫ್ರೆಂಚ್ ಹಾರ್ನು ಮೆಲ್ಲಗೆ ಆ ಟ್ಯೂನನ್ನ ನುಡಿಸಿ ಸುಮ್ಮನಾಗುತ್ತೆ. ಸಿನಿಮಾ ನೋಡೋವಾಗ ಯಾರೂ ಗಮನಿಸಲ್ಲ. ಆ ಸಿನಿಮಾ ಮುಗಿಯೋದರೊಳಗೆ ಬೊರೊಮಿರ್ ಸತ್ತೂ ಹೋಗ್ತಾನೆ. ಅವನ ಊರನ್ನ ನಾವಿನ್ನೂ ಸರಿಯಾಗಿ ನೋಡಿಯೇ ಇಲ್ಲ! ೨೦೦೩ರ ಮೂರನೇ ಸಿನಿಮಾದಲ್ಲಿ, ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹೊತ್ತಿಸ್ತಾ ಸಹಾಯ ಕರೆಯುವ ದೃಶ್ಯ ಬರುತ್ತೆ. ಹಿಮದ ಶಿಖರಗಳ ಮೇಲೆ ಒಂದಾದ ಮೇಲೊಂದು ದೀಪ ಹತ್ತಿಕೊಳ್ತಾ ಹೋದ ಹಾಗೆ ಅದೇ ಟ್ಯೂನು, ಈ ಸಲ ಇಡೀ ಆರ್ಕೆಸ್ಟ್ರಾದಲ್ಲಿ. ಆಲ್ಬಮ್ಮಿನಲ್ಲಿ ಇದರ ಹೆಸರು 'ದಿ ವೈಟ್ ಟ್ರೀ'. ಒಬ್ಬ ಸತ್ತ ಮನುಷ್ಯ ಎರಡು ವರ್ಷದ ಹಿಂದೆ ಹೇಳಿದ ಮಾತು ಈಗ ನಿಜವಾಗಿ ಎದುರು ನಿಂತಿದೆ, ಅದನ್ನ ನೋಡೋಕೆ ಅವನೇ ಇಲ್ಲ.

ಆ ಎರಡು ವರ್ಷ ಕಾದವನು ನಾನಲ್ಲ ಬಿಡಿ. ೨೦೦೧ರಲ್ಲಿ ನಂಗೆ ನಾಲ್ಕು ವರ್ಷ. ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಹಾರ್ಡ್ ಡಿಸ್ಕಿನಿಂದ ಹಾರ್ಡ್ ಡಿಸ್ಕಿಗೆ ಬಂದ ಮೂರೂ ಸಿನಿಮಾಗಳನ್ನ ಒಂದೇ ವಾರದಲ್ಲಿ ನೋಡಿದವನು ನಾನು. ಆದರೂ ಆಲ್ಬಮ್ಮನ್ನ ಕ್ರಮವಾಗಿ ಕೇಳಿದರೆ ಕಾಯೋದು ತಪ್ಪಲ್ಲ. 'ದಿ ವೈಟ್ ಟ್ರೀ' ತಲುಪೋ ಹೊತ್ತಿಗೆ ಎರಡು ಆಲ್ಬಮ್ಮು ಪೂರ್ತಿ ದಾಟಿ ಬಂದಿರ್ತೀವಿ.

ಇಲ್ಲಿಗೆ ಆ ಎರಡನೇ ಆಲ್ಬಮ್ಮು, 'ದಿ ಟೂ ಟವರ್ಸ್'. ಅದಕ್ಕೆ ಆರಂಭದ ಹೊಸತನ ಇಲ್ಲ, ಅಂತ್ಯದ ಬಿಡುಗಡೆಯೂ ಇಲ್ಲ. ಮಧ್ಯದ ಮಗನ ಕಷ್ಟ. ಆದರೆ ಎಷ್ಟೊಂದು ಇದೆ ಅದರಲ್ಲಿ! ರೋಹನ್ ಅನ್ನೋ ಕುದುರೆ ಸವಾರರ ನಾಡಿಗೆ ಶೋರ್ ತಂದಿದ್ದು ನಾರ್ವೆಯ ಹಾರ್ಡಂಗರ್ ಪಿಟೀಲು. ನುಡಿಸೋ ತಂತಿಗಳ ಕೆಳಗೆ ಇನ್ನೊಂದು ಸಾಲು ತಂತಿ ಇದೆ ಅದಕ್ಕೆ, ನಮ್ಮ ಸಾರಂಗಿಯ ತರಬ್ ತಂತಿಗಳ ಹಾಗೆ ತಾವಾಗೇ ಅನುರಣಿಸ್ತವೆ. ಗಾಳಿ ಬೀಸೋ ಬಯಲಲ್ಲಿ ಒಬ್ಬನೇ ನಿಂತ ಹಾಗೆ ಅನ್ನಿಸೋದು ಅದಕ್ಕೇ. ದಕ್ಷಿಣ ಭಾರತ ಮೂಲದ ಬ್ರಿಟಿಷ್ ಗಾಯಕಿ ಶೀಲಾ ಚಂದ್ರ ಅವರ ದನಿ ಇರೋದೂ ಈ ಆಲ್ಬಮ್ಮಿನಲ್ಲೇ, 'ಬ್ರೆತ್ ಆಫ್ ಲೈಫ್' ಅನ್ನೋ ಟ್ರ್ಯಾಕಿನಲ್ಲಿ. ಇನ್ನು ಐಸೆನ್‌ಗಾರ್ಡ್ ಅನ್ನೋ ದುಷ್ಟ ಕಾರ್ಖಾನೆಯ ಟ್ಯೂನು. ಅದರ ತಾಳ ಐದು ಮಾತ್ರೆಯದ್ದು, ಹಿಂದೆ ಕಬ್ಬಿಣಕ್ಕೆ ಕಬ್ಬಿಣ ಬಡಿಯೋ ಸದ್ದು. ನಾಲ್ಕರ ಲೆಕ್ಕಕ್ಕೆ ಒಗ್ಗಿದ ಪಾಶ್ಚಾತ್ಯ ಕಿವಿಗೆ ಅದು ಕುಂಟಿದ ಹಾಗೆ ಕೇಳಿಸಬಹುದು. ಖಂಡಛಾಪು ತಾಳ ಹಾಕಿ ಬೆಳೆದ ನಮ್ಮ ಜನ ಆರಾಮಾಗಿ ಕೈತಟ್ಟಿಯಾರು!

ಕೇಳೋರು ಬೇಗ ದಾಟಿಸಿ ಮುಂದೆ ಹೋಗೋದು ಈ ಮಧ್ಯದ ಆಲ್ಬಮ್ಮನ್ನೇ. ಅದನ್ನ ದಾಟಿಸಿದರೆ ಮೂರನೆಯದರಲ್ಲಿ ಸಿಗೋದು ಬರೀ ಸದ್ದು.

ಈ ವಾದಕ್ಕೆ ಒಂದು ಪುರಾವೆಯೂ ಇದೆ. ಅದೇ ಪೀಟರ್ ಜಾಕ್ಸನ್, ಅದೇ ಶೋರ್, ೨೦೧೨ರಿಂದ ೨೦೧೪ರ ವರೆಗೆ ಮತ್ತೆ ಮೂರು ಸಿನಿಮಾ ಮಾಡಿದರು - 'ದಿ ಹಾಬಿಟ್'. ವಾದ್ಯಗಳಿಗೆ ಕಮ್ಮಿ ಇಲ್ಲ, ಕೋರಸ್ಸಿಗೆ ಕಮ್ಮಿ ಇಲ್ಲ. ಮೊದಲ ಸಿನಿಮಾದಲ್ಲಿ ಕುಬ್ಜರು ಒಲೆಯ ಮುಂದೆ ಗಂಭೀರ ದನಿಯಲ್ಲಿ ಹಾಡೋ ಒಂದು ಹಾಡಿದೆ. ಕಳಕೊಂಡ ತಮ್ಮ ಬೆಟ್ಟದ ಹಾಡು. ಅದರ ಧಾಟಿ ಆ ಸಿನಿಮಾದುದ್ದಕ್ಕೂ ಮತ್ತೆ ಮತ್ತೆ ಬರುತ್ತೆ, ನಾವೂ ಗುನುಗ್ತಾ ಮನೆಗೆ ಬರ್ತೀವಿ. ಎರಡನೇ ಮೂರನೇ ಸಿನಿಮಾಗಳಲ್ಲಿ ಅವರು ಆ ಬೆಟ್ಟಕ್ಕೆ ನಿಜವಾಗಿ ತಲುಪುವಾಗ ಆ ಧಾಟಿ ಹೆಚ್ಚುಕಡಿಮೆ ಮಾಯ! ನಂಗೆ ಆ ಬೆಟ್ಟ ಸಿಕ್ಕ ಖುಷಿ ಆಗಲೇ ಇಲ್ಲ. ಸಾಲ ಕೊಟ್ಟು ಬಡ್ಡಿಯೂ ಇಲ್ಲ ಅಸಲೂ ಇಲ್ಲ ಅನ್ನೋ ಹಾಗಾಯ್ತು. ಹಾಗಾದ್ರೆ ಅಳು ಬರಿಸೋದು ಆರ್ಕೆಸ್ಟ್ರಾದ ಗಾತ್ರ ಹೇಗಾಗುತ್ತೆ ನೀವೇ ಹೇಳಿ.

ಇನ್ನು ಮೂರನೆಯ ಟ್ಯೂನು, ಶೈರ್ ಊರಿನದ್ದು. ಇದರ ಬಗ್ಗೆ ಬರೆಯೋಕೆ ಸ್ವಲ್ಪ ಕಷ್ಟ.

ಮೊದಲ ಆಲ್ಬಮ್ಮಿನ ಎರಡನೇ ಟ್ರ್ಯಾಕ್, 'ಕನ್ಸರ್ನಿಂಗ್ ಹಾಬಿಟ್ಸ್'. ತವರದ ಸೀಟಿ ಅಂತ ಕರೀಬಹುದಾದ ಐರಿಷ್ ಜಾನಪದದ ಪುಟ್ಟ ವಾದ್ಯ, ಟಿನ್ ವಿಸಿಲ್. ಜೊತೆಗೊಂದು ಪಿಟೀಲು. ಹೊಲ, ಗದ್ದೆ, ಜಾತ್ರೆ, ಮಕ್ಕಳು, ಸಂಜೆ - ಎಲ್ಲ ಇದೆ ಅದರಲ್ಲಿ. ಅದೇ ಆಲ್ಬಮ್ಮಿನ ಕೊನೆಯಲ್ಲಿ ಇಬ್ಬರು ಹಾಬಿಟ್‌ಗಳು ಮಾತ್ರ ಮುಂದೆ ಹೊರಟಾಗ ಅದೇ ಧಾಟಿಯನ್ನ ಒಬ್ಬ ಹುಡುಗನ ದನಿ ಹಾಡುತ್ತೆ. ಊರು ಆಗಲೇ ಕನಸಾಗಿದೆ. ಮುಂದಿನ ಎರಡು ಆಲ್ಬಮ್ಮುಗಳಲ್ಲಿ ಕತ್ತಲು ಹೆಚ್ಚಾದ ಹಾಗೆಲ್ಲ ಈ ಟ್ಯೂನು ಎಲ್ಲೋ ದೂರದಲ್ಲಿ, ಒಂದು ನಿಮಿಷ ಕೂಡ ನಿಲ್ಲದೆ, ಬಂದು ಹೋಗುತ್ತೆ.

ಕೊನೆಗೆ ಉಂಗುರ ನಾಶವಾಗಿ ನಾಲ್ವರು ಹಾಬಿಟ್‌ಗಳು ಊರಿಗೆ ಮರಳ್ತಾರೆ. ಟೋಲ್ಕಿನ್ ಕಾದಂಬರಿಯಲ್ಲಿ ಅಷ್ಟರಲ್ಲಿ ಶೈರ್ ಹಾಳಾಗಿರುತ್ತೆ, ಇವರೇ ಹೋರಾಡಿ ಸರಿಪಡಿಸಬೇಕು. ಸಿನಿಮಾದಲ್ಲಿ ಆ ಭಾಗ ಕೈಬಿಟ್ಟರು. ಊರು ಹಾಗೇ ಇದೆ. ಅದೇ ಹಸಿರು, ಅದೇ ಹೋಟೆಲ್ಲು, ಅದೇ ಜನ. ನಾಲ್ವರೂ ಮೇಜಿನ ಸುತ್ತ ಕೂತು ಒಬ್ಬರ ಮುಖ ಒಬ್ಬರು ನೋಡ್ಕೊಳ್ತಾರೆ, ಪಕ್ಕದವರಿಗೆ ಏನೂ ಗೊತ್ತಿಲ್ಲ. ಬದಲಾಗಿರೋದು ಇವರು. ಅದನ್ನ ಹೇಳೋ ಮಾತು ಸಿನಿಮಾದಲ್ಲಿ ಕಮ್ಮಿ, ಸಂಗೀತದಲ್ಲಿ ಇದೆ. ಧಾಟಿ ಅದೇ, ಆದರೆ ಕೊನೆಯಲ್ಲಿ ಆ ತವರದ ಸೀಟಿಯ ಜಾಗಕ್ಕೆ ಆರ್ಕೆಸ್ಟ್ರಾದ ಕೊಳಲು ಬಂದಿದೆ. ನುಡಿಸಿದವರು ಉತ್ತರ ಐರ್ಲೆಂಡಿನ ಸರ್ ಜೇಮ್ಸ್ ಗಾಲ್ವೇ. ಹುಡುಗಾಟದ ದನಿ ಹೋಗಿ ದೊಡ್ಡವರ ದನಿ ಬಂದಿದೆ. ಊರಿನ ಟ್ಯೂನು ಊರಿನಲ್ಲೇ ಕೇಳ್ತಾ ಇದ್ದರೂ ಪರಸ್ಥಳದ್ದು ಅನ್ನಿಸುತ್ತೆ.

ನಮ್ಮೂರು ಸಾಗರದ ಕಡೆ. ಪಿಯುಸಿ ಮುಗಿಸಿ ಇಂಜಿನಿಯರಿಂಗಿಗೆ ಬಂದ ಹೊಸತರಲ್ಲಿ ಅಪ್ಪ ಫೋನ್ ಮಾಡಿದಾಗಲೆಲ್ಲ ಕೇಳ್ತಿದ್ದದ್ದು "ವಾಪಸ್ ಯಾವತ್ತು ಬರ್ತೀಯೋ?" ಅಂತ. ಈಗ ಹಬ್ಬಕ್ಕೆ ಅಂತ ಹೋಗಿ, ಚೀಲ ಕೆಳಗಿಟ್ಟು, ಕಾಲು ತೊಳೆದು ಒಳಗೆ ಬರೋದರೊಳಗೆ ಕೇಳೋದು "ವಾಪಸ್ ಯಾವತ್ತು ಹೋಗೋದೋ?" ಅಂತ. ಅಪ್ಪನ ಮನಸ್ಸಲ್ಲಿ ಏನೂ ಇಲ್ಲ, ಬಸ್ಸಿನ ಟಿಕೆಟ್ಟು, ಕಟ್ಟಿಕೊಡೋ ಹಪ್ಪಳ ಉಪ್ಪಿನಕಾಯಿಯ ಲೆಕ್ಕಕ್ಕೆ ಕೇಳ್ತಾರೆ ಅಷ್ಟೇ. ಆದರೆ ವಾಪಸ್ ಅನ್ನೋ ಪದ ಯಾವತ್ತು ದಿಕ್ಕು ಬದಲಿಸ್ತು? ನಂಗೂ ಗೊತ್ತಾಗಲಿಲ್ಲ, ಅಪ್ಪನಿಗೂ ಗೊತ್ತಾಗಿಲ್ಲ. ತೋಟ ಹಾಗೇ ಇದೆ, ಅಂಗಳ ಹಾಗೇ ಇದೆ, ಅಮ್ಮ ನಂಗೆ ಅಂತ ಇಡೋ ಲೋಟ ಕೂಡ ಅದೇ. ಬದಲಾದದ್ದು ಏನು ಅಂತ ತೋರಿಸೋಕೆ ಬೆರಳಿಡಲು ಒಂದು ಜಾಗ ಇಲ್ಲ. ಆ ಕೊಳಲು ಕೇಳಿದಾಗ ಮಾತ್ರ, ಓಹ್ ಇದೇ ಅಲ್ವಾ, ಅನ್ನಿಸುತ್ತೆ. ಬೆಂಗಳೂರಿಗೆ ಬಂದು ನೆಲೆಸಿದ ನಮ್ಮಲ್ಲಿ ಎಷ್ಟೋ ಜನರಿಗೆ ಈ ಕಥೆಗೆ ಯಕ್ಷಿಣಿ, ಉಂಗುರ ಯಾವುದೂ ಬೇಕಿಲ್ಲ ಅಂತ ನಂಗೊತ್ತು.

ನೋಡಿ, ಈ ಅನುಭವ ಆ ಕೊನೆಯ ಟ್ರ್ಯಾಕ್ ಒಂದರಲ್ಲೇ ಇಲ್ಲ. ನನ್ನ ರೂಮ್‌ಮೇಟಿಗೆ ಒಂದು ಸಲ 'ದಿ ಗ್ರೇ ಹೇವನ್ಸ್' ಮಾತ್ರ ಕೇಳಿಸಿದೆ. "ಚೆನ್ನಾಗಿದೆ, ನಿದ್ದೆ ಮಾಡೋಕೆ ಒಳ್ಳೇದು" ಅಂದ. ಅವನ ತಪ್ಪೇನಿಲ್ಲ. ಶೈರ್ ಬಿಟ್ಟು ಹೊರಡದವನಿಗೆ ಶೈರ್‌ಗೆ ಮರಳೋದು ಹೇಗೆ ಗೊತ್ತಾಗಬೇಕು?

"ಅದು ಸಿನಿಮಾದ ಮಹಿಮೆ, ಸಂಗೀತದ್ದಲ್ಲ" ಅನ್ನೋರಿದ್ದಾರೆ. ಸ್ವಲ್ಪ ನಿಜ. ಸಿನಿಮಾ ನೋಡದಿದ್ದರೆ ಯಾವ ಟ್ಯೂನು ಯಾರದ್ದು ಅಂತ ಗೊತ್ತಾಗೋದು ನಿಧಾನ. ಆದರೆ ಶೋರ್ ಇದೇ ಸಂಗೀತವನ್ನ ಆರು ಭಾಗಗಳ, ಸುಮಾರು ಎರಡು ಗಂಟೆಯ ಸಿಂಫನಿಯಾಗಿ ಕಟ್ಟಿದರು, ೨೦೦೩ರಲ್ಲಿ ವೆಲಿಂಗ್ಟನ್ನಿನಲ್ಲಿ ಅದರ ಮೊದಲ ಪ್ರದರ್ಶನ ಆಯ್ತು. ಸಿನಿಮಾ ಇಲ್ಲದೆಯೂ ಜನ ಕೂತು ಕೇಳ್ತಾರೆ. ಕುಂದುಗಳೂ ಇವೆ. ಮೂರನೇ ಆಲ್ಬಮ್ಮಿನ ಯುದ್ಧದ ಭಾಗಗಳಲ್ಲಿ ಕೋರಸ್ ಎಷ್ಟು ಜೋರು ಅಂದ್ರೆ ನಾನು ವಾಲ್ಯೂಮ್ ಇಳಿಸಿಬಿಡ್ತೀನಿ. ಮೊದಲ ಮೂರು ಆಲ್ಬಮ್ಮುಗಳಲ್ಲಿ ಒಂದು ಸೀಡಿಗೆ ಹಿಡಿಸಬೇಕು ಅಂತ ಎಷ್ಟೋ ಒಳ್ಳೆಯ ತುಣುಕು ಬಿಟ್ಟಿದ್ದಾರೆ.

"ನಮ್ಮಲ್ಲಿ ಇಲ್ವಾ ಒಳ್ಳೆ ಸಂಗೀತ?" ಅಂತ ಕೇಳೋರಿಗೆ, ಇದೆ ಸ್ವಾಮಿ, ಧಾರಾಳವಾಗಿ ಇದೆ. ನಂಗೆ ಬೇಜಾರು ಬೇರೆ ವಿಷಯಕ್ಕೆ. ಈಗ ನಮ್ಮ ಸಿನಿಮಾಗಳಲ್ಲಿ ಬಿಜಿಎಂ ಅಂದ್ರೆ ಹೀರೋ ಕಾರಿನಿಂದ ಇಳಿಯುವಾಗಿನ ಮೂವತ್ತು ಸೆಕೆಂಡು. ಮೊದಲ ಸೆಕೆಂಡಿಗೇ ಎಲ್ಲ ವಾದ್ಯ, ಎಲ್ಲ ಸದ್ದು. ರೀಲ್ಸಿಗೆ ಹೇಳಿ ಮಾಡಿಸಿದ್ದು. ರೋಮಾಂಚನ ಆಗುತ್ತೆ, ಇಲ್ಲ ಅನ್ನಲ್ಲ, ನಾನೂ ಥಿಯೇಟರಿನಲ್ಲಿ ಸೀಟಿ ಹೊಡೆದವನೇ. ಆದರೆ ಮೊದಲೇ ಎಲ್ಲ ಕೊಟ್ಟುಬಿಟ್ಟರೆ ಆಮೇಲೆ ವಾಪಸ್ ಕೊಡೋಕೆ ಏನು ಉಳಿಯುತ್ತೆ? ಒಂದೇ ಹಾರ್ನಿನಲ್ಲಿ ಒಂದು ಮಾತು ಹೇಳಿ, ಎರಡು ವರ್ಷ ಸುಮ್ಮನಿರೋ ಧೈರ್ಯ ನಮ್ಮ ಸಂಗೀತಗಾರರಿಗೆ ಇಲ್ಲದೇ ಇಲ್ಲ. ಅದಕ್ಕೆ ಕಾಯೋ ಕಿವಿಗಳು ಇವೆ ಅನ್ನೋ ನಂಬಿಕೆ ನಿರ್ಮಾಪಕರಿಗೆ ಬರಬೇಕು ಅಷ್ಟೇ. ಆ ನಂಬಿಕೆ ಹುಟ್ಟಿಸೋದು ಕೇಳುಗರಾದ ನಮ್ಮ ಕೆಲಸವೂ ಹೌದು.

ಅದಕ್ಕೇ ಒಂದು ಕೋರಿಕೆ. ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಮೊದಲ ಆಲ್ಬಮ್ಮಿನ ಮೊದಲ ಟ್ರ್ಯಾಕಿನಿಂದ ಶುರು ಮಾಡಿ, ಶಫಲ್ ಒತ್ತಬೇಡಿ, ಮಧ್ಯದ ಆಲ್ಬಮ್ಮನ್ನ ದಾಟಿಸಬೇಡಿ. ನಾಲ್ಕು ಗಂಟೆಯೊಳಗೆ ಮೂರೂ ಮುಗಿಯುತ್ತವೆ. ಬೇಜಾರಾದರೆ ಬಂದು ನನ್ನನ್ನ ಬೈಯಿರಿ, ಸ್ವೀಕಾರ. ಇಷ್ಟವಾದರೆ, ನಿಮ್ಮನ್ನ ಹೀಗೆ ವರ್ಷಗಟ್ಟಲೆ ಕಾಯಿಸಿದ ಟ್ಯೂನು ಯಾವುದಿದೆ ಅಂತ ನೀವೂ ಬರೀರಿ. ಯಕ್ಷಗಾನದ್ದಿರಲಿ, ಭಾವಗೀತೆಯದ್ದಿರಲಿ, ಹಳೇ ರೇಡಿಯೋದ್ದೇ ಇರಲಿ. ಓದೋಕೆ ಕಾದಿರ್ತೀನಿ.